ಆರೂವರೆ ಇಂಚು

ಕಾಲೇಜು ನೋಡಾಕ ನನಗಿಂತ ಮೊದಲ ಅಪ್ಪ ಹೋಗಿ ಬಂದ.
ಐತವಾರ. ಕೆಲಸದ ಅಂಗಿ ಮ್ಯಾಲ,
ಕಿಸೆದಾಗ ಅಳತಿ ಟೇಪು.
ವಾಚ್‌ಮನ್ನಗ ಏನು ಸುಳ್ಳು ಹೇಳಿದನೋ,
ಬೀಡಿ ಕಟ್ಟಿನ ಕಾಗದದ ಹಿಂದ ಬರಕೊಂಡು ಬಂದಿದ್ದ:
ಮೆಟ್ಟಲ ಹತ್ತೊಂಬತ್ತು. ಒಂದೊಂದು ಆರೂವರೆ ಇಂಚು.
ರೇಲಿಂಗು ಬಲಕ್ಕಷ್ಟ ಐತಿ.
ಮೂರನೇದ್ದರ ತುದಿ ಒಡದೈತಿ.

"ಯಾರು ಕಟ್ಟ್ಯಾರೋ ಏನೋ, ಲೆವೆಲ್ಲು ನೋಡಿಲ್ಲ" ಅಂದ.
ಲೈಬ್ರರಿ ಎಲ್ಲೈತಿ, ಕೇಳಿರಲಿಲ್ಲ.
ಫೀ ಎಷ್ಟು, ಅದೂ ಇಲ್ಲ.

ಇಪ್ಪತ್ತೆರಡು ವರ್ಷ ಈ ಗೋವಾದಾಗ
ಮಂದಿಗೆ ಮೆಟ್ಟಲ ಕಟ್ಟಿದಾಂವ.
ಫ್ಲಾಟಿನವರು ಹತ್ತಿ ಹೋದರು, ಬಾಗಲಾ ಹಾಕ್ಕೊಂಡರು.
ಈಗ ಸೈಟಿನಾಗ ಉಳದ ಬ್ಲಾಕು ತಂದು
ವಾಸ್ಕೋದ ಮಾಂಗೋರ ಗುಡ್ಡದಾಗ, ನಮ್ಮ ಖೋಲಿ ಮುಂದ,
ಎಲ್ಲಿಗೂ ಹೋಗದ ಮೂರು ಮೆಟ್ಟಲ ಕಟ್ಟ್ಯಾನ.
ಹತ್ತಿ ನಿಂತರ ಅಲ್ಲೇನೂ ಇಲ್ಲ,
ಅವ್ವನ ಅರಬಿ ಒಣಹಾಕೂ ಹಗ್ಗ ಮೂಗಿಗೆ ತಾಕತೈತಿ.
ಮಾಲಕೀಣ ಎಸ್ಪೆರಾನ್ಸಾ ಬಾಯಿ ಬಂದು
"ಹೆಂ ಕಿತೆಂ, ಬಾಳಪ್ಪಾ?" ಅಂದಳು.
ನನ್ನ ನೋಡಿದಳು.
ಏನೂ ಅನ್ನದ, ತುಳಸೀನೂ ಅಲ್ಲದ ಎಂಥಾದ್ದೋ ಒಂದು ಕುಂಡ ತಂದು
ಮ್ಯಾಲಿನ ಮೆಟ್ಟಲ ಮ್ಯಾಲ ಇಟ್ಟು,
ಏನು ತಿಳೀತೋ, ಮತ್ತ ತಗದಳು.

ಮುಂಜಾನೆ ಇಪ್ಪತ್ತು ಸಲ, ಸಂಜೀಕ ಇಪ್ಪತ್ತು.
ಹತ್ತೂವಾಗ ಛಲೋ ಕಾಲು ಮೊದಲ,
ಇಳಿಯೂವಾಗ ಈ ಕಾಲು.
ಬಾಂಬೋಳಿ ದವಾಖಾನಿಯ ಲೂರ್ದಿನಾ ಮೇಡಂ
ಆರು ತಿಂಗಳು ಕಲಿಸಿದ್ದೆಲ್ಲಾ ಹಿಂಡಿದರ ಇಷ್ಟ.
ಹೋದದ್ದು ಎಡಗಾಲು, ಮೊಣಕಾಲಿನ ಮ್ಯಾಲಿಂದ.
ಬಂದದ್ದು ನನ್ನ ಬಣ್ಣಕ್ಕಿಂತ ಬಾಳ ಬಿಳೀದು.
"ಅಕ್ಕಾ, ಇದು ಪೋರ್ಚುಗೀಸರು ಬಿಟ್ಟುಹೋದ ಕಾಲು"
ಅಂತಾನ ತಮ್ಮ. ಮೊದಲನೇ ಸಲ ಅತ್ತಿದ್ದೆ.
ಈಗ ನಾನ ಅಂತೀನಿ.

ಜೂನಿನ ಈ ಜಿಬಿಜಿಬಿ ಸೆಕಿಗೆ
ಒಳಗಿನ ತುಂಡು ಬೆವರತೈತಿ, ಕಾಲು ಜಾರತೈತಿ.
ಅಪ್ಪನ ಹಳೇ ಬನಿಯನ್ ಕತ್ತರಿಸಿ
ಅವ್ವ ಸಣ್ಣ ಸಣ್ಣ ಚೀಲ ಹೊಲದಾಳ.
ಬಾವು ಇಳದ ದಿನ ಮೂರು, ಏರಿದ ದಿನ ಒಂದು.
ಕಾಲೇಜಿನ ಬ್ಯಾಗಿನಾಗ ಪುಸ್ತಕಕ್ಕಿಂತ ಮೊದಲ
ಅವು ಹೋಗಿ ಕುಂತಾವು, ಸೋಪಿನ ವಾಸನಿ ಹೊಡಕೋತ.

ಫಾರ್ಮಿನಾಗ ಎರಡು ಕಡೆ ಶೇಕಡಾ ಕೇಳಿದ್ದರು.
ಹನ್ನೆರಡನೇತ್ತಾ: ಎಪ್ಪತ್ತೊಂದು.
ಮೆಡಿಕಲ್ ಬೋರ್ಡು: ಎಂಬತ್ತು.
ಓದಿ ತಗೊಂಡದ್ದಕ್ಕಿಂತ ಓದದ ಸಿಕ್ಕದ್ದ ಹೆಚ್ಚು.
ಸೈಬರಿನ ಹುಡುಗ ಅವಸರದಾಗ
ಎಂಬತ್ತನ್ನ ಮಾರ್ಕಿನ ಖಾನೆಕ್ಕ ಒತ್ತಿಬಿಟ್ಟ.
ಒಂದು ಗಳಿಗಿ ನಾನು ಸುಮ್ಮನ ಇದ್ದೆ.
ಆಮ್ಯಾಲ ಹೇಳಿದೆ.

ಆ ಬ್ಯಾನಿ ಹೆಸರು ಅಪ್ಪ ಇವತ್ತಿಗೂ ಅಂದಿಲ್ಲ.
"ಅದು" ಅಂತಾನ, ಮನಿ ಬಿಟ್ಟು ಹೋದ ಬಾಡಿಗಿಯವನಂಗ.
ಜುಲೈ ಹದಿನಾಲ್ಕಕ್ಕ ಎದಿ ಸ್ಕ್ಯಾನು.
ಅವತ್ತು ಯಾವ ಪೀರಿಯಡ್ಡು ತಪ್ಪತೈತಿ
ಅಂತ ಟೈಮ್‌ಟೇಬಲ್ ನೋಡಾಕ ಹೋಗಿಲ್ಲ ನಾನು.

ಹಿಂದಿನ ರಾತ್ರಿ ಅಪ್ಪ ಊಟಕ್ಕ ತಡಾ ಮಾಡಿ ಬಂದ.
ಉಗುರಿನಾಗ ಸಿಮೆಂಟು.
ಅದು ದಿನಾ ಇರೂದ, ಯಾರೂ ಕೇಳಲಿಲ್ಲ.

ಸೋಮವಾರ, ಎಂಟೂಕಾಲು.
"ಗೇಟಿನ ತನಕ ಬಾ. ಮುಂದ ಬರಬ್ಯಾಡ" ಅಂದಿದ್ದೆ.
ಒಂದು.
ಎರಡು.
ಮೂರನೇ ಮೆಟ್ಟಲಿಗೆ ಹೊಸಾ ಅಂಚು,
ದಾರಾ ಹಿಡದಂಗ ನೆಟ್ಟಗ, ಇನ್ನೂ ಹಸಿ.
ಯಾರೂ ಕಾಲಿಡಬಾರದು ಅಂತ ವಾಚ್‌ಮನ್
ಅದರ ಮ್ಯಾಲ ಎರಡು ಇಟ್ಟಂಗಿ, ಅಡ್ಡ ಒಂದು ಕೋಲು ಇಟ್ಟಾನ.
ಹುಡುಗ ಹುಡುಗೇರು ಮೊಬೈಲ್ ನೋಡಕೋತ
ದಾಟಿ ದಾಟಿ ಹೊಂಟಾರ.

ತಿರುಗಿ ನೋಡಿದೆ.
ಗೇಟಿನ ಹೊರಗ ಅಪ್ಪ
ಎರಡೂ ಕೈ ತಲಿ ಮ್ಯಾಲ ಇಟ್ಟುಕೊಂಡು ನಿಂತಾನ.

ಆರೂವರೆ, ಆರೂವರೆ. ಹದಿಮೂರು.
ಇಷ್ಟು ಎತ್ತರ ನಾವು ಕಲ್ತಿರಲಿಲ್ಲ.
ರೇಲಿಂಗು ಹಿಡದೆ.
ಛಲೋ ಕಾಲು ಮೊದಲ.