ಮುಳ್ಳು ಮಲಗಿದ ಮೇಲೆ

ಒಂಬತ್ತು ದಿನವಾಯಿತು ಟ್ಯಾಂಕರ್ ಬಂದು.
ಪಂಪಿನ ಮೂತಿಗೆ ಹಳೆಯ ಕಾಲುಚೀಲ ತೊಡಿಸಿದ್ದೇನೆ,
ದೂರದಿಂದಲೇ ತಿಳಿಯಲಿ ಎಂದು.
ಆದರೂ ಬರುತ್ತಾರೆ. ಪಟಗೋನಿಯಾದ ಈ ಬಯಲಲ್ಲಿ
ನಿಲ್ಲಲು ಇನ್ನೊಂದು ಜಾಗ ಇದ್ದರೆ ತಾನೆ.
ಇಳಿದು, ಕಾಲುಚೀಲ ನೋಡಿ, ನನ್ನನ್ನು ನೋಡಿ,
ಒಮ್ಮೆ ಆಕಾಶ ನೋಡಿ,
ಕೇಳುವುದು ಒಂದೇ ಮಾತು:
"ಲಾ ಪೆರ್ದಿಸ್‌ವರೆಗೆ ಮುಟ್ಟುತ್ತದಾ?"

ನೂರಿಪ್ಪತ್ತೆಂಟು ಕಿಲೋಮೀಟರು, ಜಲ್ಲಿರಸ್ತೆ.
ಎಣ್ಣೆಯಿಲ್ಲದ ಬಂಕಿನವ ಕೊಡಬಲ್ಲದ್ದು ಲೆಕ್ಕ ಮಾತ್ರ.
ಅದಕ್ಕೆ ದುಡ್ಡು ಕೇಳುವುದಿಲ್ಲ,
ಸಿಗರೇಟು ಚಾಚಿದರೆ ಬೇಡವೆನ್ನುವುದೂ ಇಲ್ಲ.

ಹಿಂದಿನ ಗಾಲಿಯ ಹತ್ತಿರ ಮಂಡಿಯೂರಿ
ಟ್ಯಾಂಕನ್ನು ಬೆರಳ ಗೆಣ್ಣಿನಿಂದ ತಟ್ಟುತ್ತೇನೆ,
ಕಲ್ಲಂಗಡಿ ಕೊಳ್ಳುವವರ ಹಾಗೆ.
ಮುಳ್ಳು ಮಲಗಿದೆ ಅಂದರೆ ಸತ್ತಿದೆ ಅಂತಲ್ಲ;
ಸೊನ್ನೆಯ ಕೆಳಗೂ ಒಂದಿಷ್ಟು ಬಚ್ಚಿಟ್ಟಿರುತ್ತಾನೆ
ಕಾರು ಮಾಡಿದವನು,
ಸಕ್ಕರೆ ಡಬ್ಬ ಮುಗಿಯಿತೆಂದು ಮಕ್ಕಳಿಗೆ ಹೇಳುವ ತಾಯಿಯ ಹಾಗೆ.
ಎಷ್ಟು ಅಂತ ಕೇಳಬೇಡಿ.
ಒಬ್ಬೊಬ್ಬ ತಾಯಿ ಒಂದೊಂದು ಥರ.

ಆಮೇಲೆ ಹೇಳುತ್ತೇನೆ: ಅರವತ್ತು ದಾಟಬೇಡಿ.
ಕಿಟಕಿ ಮುಚ್ಚಿ. ಚಾವಣಿಯ ಮೇಲಿನ ಹಾಸಿಗೆ ಇಲ್ಲೇ ಇಳಿಸಿ,
ಮುಂದಿನ ವಾರ ಒಯ್ದರಾಯಿತು.
ನನ್ನ ಶೆಡ್ಡಿನಲ್ಲೀಗ ನಾಲ್ಕು ಹಾಸಿಗೆ, ಒಂದು ತೊಟ್ಟಿಲು, ಒಂದು ಒಲೆ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ,
ಇಲ್ಲಿ ಹಾಸಿಗೆ ಬಿಟ್ಟರೇ ಕಾಲಿಗೆ ದಾರಿ.
ಬ್ರೇಕು ಒತ್ತಿದಷ್ಟೂ ಉರಿಸಿದ್ದನ್ನು ನೆಲಕ್ಕೆ ಚೆಲ್ಲಿದಂತೆ;
ಗ್ವಾನಾಕೊ ಹಿಂಡು ಕಂಡರೆ ದೂರದಿಂದಲೇ ಕಾಲು ತೆಗೆಯಿರಿ.
ಇಳಿಜಾರಲ್ಲಿ ಎಂಜಿನ್ ಆರಿಸುವ ಜಾಣತನ ಬೇಡ.
ಉಳಿದದ್ದು ಗಾಳಿಗೆ ಬಿಟ್ಟದ್ದು.
ಪಡುವಣ ಗಾಳಿ ಬೆನ್ನಿಗಿದ್ದರೆ
ಲೀಟರಿಗೆ ಎರಡು ಕಿಲೋಮೀಟರು ಅದರ ಉಡುಗೊರೆ,
ಎದುರಾಯಿತೋ, ಬಡ್ಡಿ ಸಮೇತ ವಾಪಸು.

ಮೊನ್ನೆ ಮಧ್ಯಾಹ್ನ ಎರಡಕ್ಕೆ ಬಂದವಳು ಎರ್ಮೆಲಿಂದಾ ಕುರಾಪಿಲ್.
ಬಿಳಿಯೋ ಬೂದಿಯೋ ಹೇಳಲಾಗದ ರೆನೋ,
ಹಿಂದಿನ ಸೀಟಿನಲ್ಲಿ ಮೂರು ಅಂತಸ್ತಿನ ಕೇಕು,
ಕೇಕಿಗೆ ಸೀಟುಬೆಲ್ಟು.
ಏಳು ಗಂಟೆಗೆ ತಮ್ಮನ ಮಗಳ ಹದಿನೈದನೆಯ ಹುಟ್ಟುಹಬ್ಬ.
ತಟ್ಟಿದೆ. ಕೇಳಿದೆ. ಗಾಳಿ ನೋಡಿದೆ,
ಕೋಯಿರೋನ್ ಹುಲ್ಲು ಮೂಡಣಕ್ಕೆ ತಲೆಬಾಗಿತ್ತು.
ಎಂಟು ಲೀಟರು. ಹದಿನಾಲ್ಕರಂತೆ ನೂರಹನ್ನೆರಡು,
ಗಾಳಿಯ ಹದಿನಾರು ಸೇರಿಸಿ ನೂರಿಪ್ಪತ್ತೆಂಟು.
ಲೆಕ್ಕ ಅಷ್ಟು ಚೆಂದವಾಗಿ ಕೂತಾಗಲೇ ಹೆದರಬೇಕಿತ್ತು.
"ಮುಟ್ಟುತ್ತೀರಿ" ಅಂದೆ.
ಅವಳು ನನ್ನ ಮುಖವನ್ನೂ ಮುಳ್ಳಿನ ಹಾಗೆ ಓದಿದಳು:
"ಖಾತ್ರಿಯಾ, ಇಲ್ಲ ಸಾಗಹಾಕುತ್ತಿದ್ದೀರಾ?"

ಪುಸ್ತಕದಲ್ಲಿ ಬರೆದುಕೊಂಡೆ: ಕುರಾಪಿಲ್, ೧೨೮, ಕೇಕು.
ಮೂರೂವರೆಗೆ ಶೆಡ್ಡಿನ ತಗಡು ಇನ್ನೊಂದು ಮೂಲೆಯಲ್ಲಿ ಬಡಿಯತೊಡಗಿತು.
ಮೂಡಣ ಗಾಳಿ. ವರ್ಷಕ್ಕೆ ನಾಲ್ಕು ಸಲವೂ ಬೀಸದ್ದು.
ಕೆಟಲಿನ ನೀರು ಆರುವವರೆಗೂ ಬಾಗಿಲಲ್ಲಿ ನಿಂತೆ,
ಯಾರದೋ ಟ್ಯಾಂಕು
ನನ್ನ ಹೊಟ್ಟೆಯೊಳಗೆ ಇಳಿಯುತ್ತಾ ಹೋಯಿತು.

ಇವತ್ತು ಉಣ್ಣೆ ಲಾರಿಯ ಫೌಸ್ತಿನೊ ಸುದ್ದಿ ತಂದ,
ಜೊತೆಗೆ ಪೇಪರಿನಲ್ಲಿ ಸುತ್ತಿದ ಕೇಕಿನ ಮೂಲೆ.
ಊರು ಕಾಣುವ ದಿಬ್ಬದ ಮೇಲೆ ನಿಂತುಹೋಯಿತಂತೆ.
ಮೂರು ಕಿಲೋಮೀಟರು.
ಹುಟ್ಟುಹಬ್ಬದ ಹುಡುಗಿಯೇ
ಸ್ಯಾಟಿನ್ ಲಂಗ ಎತ್ತಿಕಟ್ಟಿ, ಕುದುರೆ ಏರಿ ಬಂದು
ಒಂದೊಂದೇ ಅಂತಸ್ತು ಮಡಿಲಲ್ಲಿಟ್ಟು ಒಯ್ದಳಂತೆ,
ಮೂರು ಸಲ ಬಂದು, ಮೂರು ಸಲ ಹೋಗಿ.
ಅತ್ತೆ ಹೇಳಿಕಳಿಸಿದ್ದಾಳೆ:
"ಕೇಕು ತಿನ್ನಲಿ. ಲೆಕ್ಕ ಬಿಡಲಿ."

ತಿಂದೆ. ಸಕ್ಕರೆ ಹೂವಿಗೆ ಕುದುರೆಯ ಕೂದಲೊಂದು ಅಂಟಿತ್ತು.
ಪುಸ್ತಕದ ಕೊನೆಯ ಮನೆಯಲ್ಲಿ ಬರೆದೆ: ೧೨೫.
ತಪ್ಪು ಯಾರದು ಎಂಬಲ್ಲಿ: ಗಾಳಿ.
ಆಮೇಲೆ ಅದನ್ನು ಹೊಡೆದುಹಾಕಿ: ನಾನು.

ಹೊರಗೆ ಹಾರನ್ನು.
ಕಾಲುಚೀಲ ಕಂಡರೂ ಇಳಿಯುತ್ತಿದ್ದಾರೆ.
ಪಿಕಪ್ಪಿನ ಮೇಲೆ ಮತ್ತೊಂದು ಹಾಸಿಗೆ.