ಕಾರಣ ಎಂಬ ಕಾಲಂ

ದುರ್ಗಿಗುಡಿಯ ನಮ್ಮ ಸಹಕಾರಿ ಬ್ಯಾಂಕಿನಲ್ಲಿ
ಮೆಟ್ಟಿಲ ಕೆಳಗಿನ ಕೋಣೆ ನನ್ನದು.
ಬರುವ ಮೇಲ್‌ಗಳನ್ನು ಕೇರುವ ಕೆಲಸ.
ಜೊಳ್ಳು ಆಚೆ, ಗಟ್ಟಿ ಒಳಗೆ.

ಮೊದಲು ಅರವತ್ತೆರಡು ಮಂದಿಗೂ ಒಂದೇ ಮೊರ.
ಆಮೇಲೆ ದೂರು ಶುರುವಾಯಿತು.
ಕ್ಯಾಷಿಯರ್ ನೂರುಲ್ಲಾರಿಗೆ
ಪಾರಿವಾಳದ ಕಾಳಿನ ದರಪಟ್ಟಿ ಬೇಕಂತೆ.
ಫಿಲೋಮಿನಾ ಮೇಡಂಗೆ ಮದುವೆ ಸಂಬಂಧದ್ದು; ಮಗಳಿಗಲ್ಲ.
ಮ್ಯಾನೇಜರಿಗೆ ಹೆಡ್ಡಾಫೀಸಿನದೇ ಬೇಡವಂತೆ,
ಅದೊಂದು ಆಗಲ್ಲ ಸಾರ್ ಅಂದೆ.

ಹೀಗೆ ತಲೆಗೊಂದು ಪಟ್ಟಿ. ಒಂದು ಫಾರಂ ಮಾಡಿದೆ:
ಯಾರಿಂದ, ಯಾರಿಗೆ, ಕಾರಣ.
ಕಾರಣದಲ್ಲಿ ಎಲ್ಲರೂ ‘ಕಚೇರಿ ಕೆಲಸ’ ಎಂದೇ ಬರೆದರು,
ನೂರುಲ್ಲಾ ಕೂಡ.

ಸಾಲ ವಿಭಾಗದ ವನಮಾಲ ಮಾತ್ರ
ಭದ್ರಾವತಿಯ ‘ಮಂಡಿಮಿತ್ರ ತೈಲ’ದ ವಿಳಾಸ ಕೊಟ್ಟು
ಕಾರಣದಲ್ಲಿ ಬರೆದದ್ದು: ಅಪ್ಪ.

ಓದುವುದು ತಪ್ಪು, ಆದರೂ ಓದಿದೆ.
‘ಮೂವತ್ತೇ ದಿನ! ಮೆಟ್ಟಿಲು ಹತ್ತಿ, ಕುಣಿಯಿರಿ!’
ಒಂದೇ ಏಟಿಗೆ ಮುನ್ನೂರು ಜನಕ್ಕೆ.
ಯಾವ ಮೊರದಲ್ಲಿ ಕೇರಿದರೂ ಜೊಳ್ಳೇ.
ಮುನ್ನೂರರಲ್ಲಿ ನಮ್ಮವು ಎರಡು ಹೆಸರು,
ವನಮಾಲ, ಮತ್ತೆ ಠೇವಣಿ ಕೌಂಟರಿನ ಅವಳ ತಮ್ಮ ಹಾಲೇಶ.
ಹಾಲೇಶ ಫಾರಂ ತುಂಬಿರಲಿಲ್ಲ.
‘ಬೇರೇನು ಬಂದ್ರೂ ಸರಿ, ಅದು ಮಾತ್ರ ಬೇಡ.’

ಇಲ್ಲೇ ತೊಡಕು.
ಒಂದೇ ಪತ್ರ ಹೊತ್ತು ಬಾಗಿಲಲ್ಲಿ ನಿಂತ ಯಂತ್ರಕ್ಕೆ
ನಾನು ಹೇಳಬಹುದಾದದ್ದು ಒಂದೇ ಮಾತು:
ಬಾ, ಇಲ್ಲವೇ ಹೋಗು.
ಅಕ್ಕನಿಗೆ ಬಾ, ತಮ್ಮನಿಗೆ ಹೋಗು
ಅಂತ ಒಂದೇ ಉಸಿರಿಗೆ ಬರುವುದಿಲ್ಲ.

ಕೊನೆಯ ಹೊಸನಗರ ಬಸ್ಸು ಹೋದ ಮೇಲೂ
ಎರಡು ರಾತ್ರಿ ಕೂತೆ.
ಬಾ ಅಂದು ಒಳಕರೆದು
ಪಡಸಾಲೆಯಲ್ಲಿ ಎರಡಾಗಿ ಸೀಳಿದೆ.
ಒಂದು ಪ್ರತಿ ಅವಳ ಪೆಟ್ಟಿಗೆಗೆ,
ಒಂದು ಸದ್ದಿಲ್ಲದೆ ಹೊಂಡಕ್ಕೆ.
ಕಳಿಸಿದಾತನ ಲೆಕ್ಕದಲ್ಲಿ ಎರಡೂ ತಲುಪಿವೆ.

ಶುಕ್ರವಾರ ಊಟದ ಹೊತ್ತು
ವನಮಾಲ ಅದರ ಪ್ರಿಂಟು ತೆಗೆದಳು,
ತಮ್ಮನ ಕೌಂಟರಿನ ಮೇಲಿಟ್ಟು
ಕ್ಯಾರಿಯರ್ ತೊಳೆಯಲು ಹೋದಳು.
ಕಾಗದಕ್ಕೆ ನನ್ನ ಬಳಿ ಮೊರವಿಲ್ಲ.

ಹಾಲೇಶ ಬಂದ. ನೋಡಿದ. ಓದಲಿಲ್ಲ.
ಫ್ಯಾನಿನ ಗಾಳಿಗೆ ಅಂಚು ಎದ್ದಿತು.
ಬ್ಯಾಂಕಿನ ಸೀಲು ತೆಗೆದು ಅದರ ಮೇಲೆ ಹೇರಿ,
ಟೋಕನ್ ನಲವತ್ತೊಂದು,
ಎಂದು ಕೂಗಿದ.