ನಡುಗುಟ್ಟೆ

‘ಮಧ್ಯಕ್ಕೆ ಕೂತ್ಕೊಳಿ, ಕಾಲು ಚಾಚಬೇಡಿ’ ಅಂದ ಕದಿರಪ್ಪ.
ತೆಪ್ಪವೆಂದರೆ ನಾಲ್ಕು ಲಾರಿ ಟ್ಯೂಬು,
ಮೇಲೊಂದು ಹಳೆಯ ಬಾಗಿಲು. ಚಿಲಕ ಇನ್ನೂ ಇತ್ತು.
ಹೋಗಿಬರಲು ತಲೆಗೆ ಮೂವತ್ತು.
ಮಕ್ಕಳಿಗಿಲ್ಲ, ನಾಯಿಗಿಲ್ಲ.

ಮುಳಬಾಗಿಲು ಕಡೆಯಿಂದ ಬಂದಿದ್ದೆವು:
ಡ್ರಾಯಿಂಗ್ ಮೇಷ್ಟ್ರು ನಾನು, ಎಂಟನೇ ಕ್ಲಾಸಿನ ನಾಲ್ವರು,
ಶನಿವಾರದ ಬೆಳಗು.
ಅವನು ಬಿದಿರುಗಳ ಊರಿ ತಳ್ಳಿದ.
ನೀರಿಗೆ ಸಣ್ಣಗೆ ಸೋಪಿನ ವಾಸನೆ.
‘ಬೆಂಗಳೂರೋರು ಮೈ ತೊಳ್ದಿದ್ದು ಸಾಮಿ,
ಎರಡು ಸಲ ಸೋಸಿ ಕಳಿಸ್ತಾರಂತೆ.
ಮೀನಿಗೇನೂ ಬೇಜಾರಿಲ್ಲ.’

ಹದಿನೆಂಟು ವರ್ಷ ಈ ಕೆರೆ ಬರೀ ಜಾಲಿ.
ಆಗ ಇದು ಗುಟ್ಟೆ, ದನ ಹತ್ತುತ್ತಿದ್ದವು.
ಚಪ್ಪಲಿ ಕಾಲಲ್ಲೇ ನಡೆದು ಬರಬಹುದಾಗಿದ್ದಾಗ
ಒಂದು ನರಪಿಳ್ಳೆ ಬರಲಿಲ್ಲ ನೋಡಲು.
ನೀರು ಸುತ್ತಿಕೊಂಡಿತು, ದ್ವೀಪ ಅಂದರು.
ದ್ವೀಪ ಅಂದ ಮೇಲೆ ಬಂದರು.

ಇಳಿದೆವು. ಬೋರ್ಡಿಲ್ಲ, ಬೇಲಿಯಿಲ್ಲ,
ತಂಗಡಿ ಗಿಡ, ಎಲ್ಲೆಲ್ಲೂ ಆಡಿನ ಹಿಕ್ಕೆ.
ನೀರು ಏರಿದ ರಾತ್ರಿ ಸಿಕ್ಕಿಕೊಂಡ ಎರಡು ಆಡು
ಈಗ ಒಂಬತ್ತು.
ಯಾರವೆಂದು ಊರು ಇನ್ನೂ ತೀರ್ಮಾನಿಸಿಲ್ಲ.

‘ಇದು ಧರ್ಮರಾಯಂದು.’
ಮೂರು ಚಪ್ಪಡಿ ನಿಂತು ನಾಲ್ಕನೆಯದನ್ನು ಹೊತ್ತಿವೆ.
‘ಇದು ಭೀಮಂದು.’ ಅದು ಎಲ್ಲಕ್ಕಿಂತ ಚಿಕ್ಕದು.
ತಿಪ್ಪಮ್ಮ ನಕ್ಕಳು: ಭೀಮ ಹಿಡಿಸ್ತಾನಾ ಇದರೊಳಗೆ?
‘ಮಡಚ್ಕಂಡು ಮಲಗ್ತಿದ್ದ ಕಣಮ್ಮ.’

ಹೋದ ವರ್ಷ ಬಂದ ಕನ್ನಡಕದ ಮೇಡಮ್ಮು
ಪಾಂಡವರಲ್ಲ, ಸತ್ತವರ ಮನೆ ಇವು ಅಂದರಂತೆ,
ಕಬ್ಬಿಣ ಕಾಯಿಸಲು ಕಲಿತ ಜನದ್ದು.
‘ಅದನ್ನೂ ಸೇರಿಸ್ಕಂಡು ಹೇಳ್ತೀನಿ.
ಪಾಂಡವರು ಬೇಕಾ, ಸತ್ತೋರು ಬೇಕಾ
ಮುಖ ನೋಡಿದ್ರೆ ಗೊತ್ತಾಗ್ತದೆ.’
ನನ್ನ ಮುಖ ನೋಡಿ
ಎರಡನ್ನೂ ಹೇಳಿದ.

ಮೂಡಲ ಚಪ್ಪಡಿಯಲ್ಲೊಂದು ತೂತು,
ಉಂಡೆಕಟ್ಟಿದ ಮುದ್ದೆ ಹಾಯುವಷ್ಟು,
ಅಂಚು ನಯ.
ಎಷ್ಟು ದಿನ ಉಜ್ಜಿದರೋ, ಯಾವ ಕಲ್ಲಿಂದ,
ಯಾರ ಮೇಲಿನ ಅಕ್ಕರೆಗೆ.
ಸಾದಿಕ್ ಭುಜದವರೆಗೆ ಕೈ ತೂರಿಸಿದ.
ಏನಿದೆಯೋ?
‘ತಣ್ಣಗಿದೆ ಸಾರ್.’

ಐದನೆಯದರ ಮುಂದೆ ಕದಿರಪ್ಪ ಸುಮ್ಮನಾದ.
ಮೂರು ಗೋಡೆ, ಮೇಲೆ ಬಿಸಿಲು.
ಪಕ್ಕದಲ್ಲಿ ಬಿದ್ದ ಚೂರಿನಂಚಿಗೆ ಸಾಲಾಗಿ ಉಳಿಯ ಗುಂಡಿ,
ಬೆಣೆ ಬಡಿದ ಗುರುತು. ಹೊಸತು.
ಸಾವಿರಾರು ವರ್ಷದ ಪಕ್ಕ
ನಲವತ್ತು ವರ್ಷ ಹೊಸತೇ.

‘ನಮ್ಮಪ್ಪ’ ಅಂದ.

ಕಲ್ಲು ಸೀಳುವ ಕಸುಬು. ಯಾರದೋ ದ್ರಾಕ್ಷಿ ಚಪ್ಪರಕ್ಕೆ
ಕೂಚ ಬೇಕಿತ್ತು, ಒಂದಕ್ಕೆ ಮೂರು ರೂಪಾಯಿ.
ಸುತ್ತಿಗೆಯಿಂದ ತಟ್ಟಿ ಕಿವಿಯಿಟ್ಟು ಕೇಳಿದನಂತೆ;
ಗಂಟೆಯ ಹಾಗೆ ಓಗೊಡುವ ಕಲ್ಲು
ನೇರ ಸೀಳುತ್ತದೆ.
ಇದು ಓಗೊಟ್ಟಿತು. ಹನ್ನೊಂದು ಕೂಚ ಬಂತು.
‘ಈ ಕಲ್ಲು ಆರಿಸ್ದೋನು ಕೆಲಸ ಬಲ್ಲೋನು
ಅಂದ ಸಾಮಿ ಆವತ್ತು ರಾತ್ರಿ.
ಎರಡು ಮುದ್ದೆ ಉಂಡ.’

ಆಡೊಂದು ಭೀಮನ ಮನೆಯಿಂದ ಇಣುಕಿತು.
ನಾನು ಹೇಳಲು ಏನೋ ಹುಡುಕುತ್ತಿದ್ದೆ.
ಅವನಾಗಲೇ ದಡದ ಕಡೆ ಬೆರಳು ಮಾಡಿದ್ದ:
‘ಹತ್ತು ಅಲ್ಲೇ ಅವೆ, ಕೋಡಿ ಪಕ್ಕ.
ದ್ರಾಕ್ಷಿ ಹೋಯ್ತು, ಈಗ ಟಮೋಟ.
ಇನ್ನೊಂದು ನಮ್ಮನೆ ಹಿಂದೆ.
ಬನ್ನಿ, ತೋರಿಸ್ತೀನಿ. ಅದಕ್ಕೆ ದುಡ್ಡಿಲ್ಲ.’

ಹೋದೆವು. ಎಮ್ಮೆ ಕಟ್ಟಿತ್ತು.
ಹಗ್ಗ ತಿರುಗಿ ತಿರುಗಿ ಕಲ್ಲಿನ ಸೊಂಟದಲ್ಲಿ
ಒಂದು ಗೀರು, ಬೆರಳಿಟ್ಟರೆ ಆ ತೂತಿನಷ್ಟೇ ನಯ.
ತಿಪ್ಪಮ್ಮ ಪೆನ್ಸಿಲು ಚೂಪು ಮಾಡಿಕೊಂಡು
ಸಗಣಿ ತಪ್ಪಿಸಿ ಕೂತಳು.
ಕದಿರಪ್ಪ ಹೋ ಹೋ ಅಂದರೂ
ಎಮ್ಮೆ ಪಕ್ಕಕ್ಕೆ ಸರಿಯಲಿಲ್ಲ.
ಅದನ್ನೂ ಬರೆದುಕೊಂಡಳು.